ಮೇಜು ಹೆಣ್ಣು, ಬಾಗಿಲು ಗಂಡು

ನನ್ನ ಊರುಗೋಲಿಗೆ ಯಾರೋ ನೀಲಿ ಚೀಟಿ ಅಂಟಿಸಿದ್ದಾರೆ. ಯಾರೋ ಅಂದದ್ದು ಬರೀ ಮಾತಿಗೆ. ಅಂಟಿಸಿದವಳು ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ರುಖಿಯಾ ಅಂತ ನನಗೆ ಚೆನ್ನಾಗಿ ಗೊತ್ತು. ಇಲ್ಲೇ ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಜರ್ಮನಿಯ ಆಸ್ಪತ್ರೆಗೆ ಹೋಗಬೇಕೆಂದು ಮೂರು ತಿಂಗಳಿಂದ ಫೋನ್ ಮುಂದೆ ಕೂತು ಆ ಭಾಷೆ ಕಲಿಯುತ್ತಿದ್ದಾಳೆ. ಆ ಭಾಷೆಯಲ್ಲಿ ಪ್ರತಿಯೊಂದು ಸಾಮಾನೂ ಗಂಡಾಗಿರಬೇಕು, ಇಲ್ಲ ಹೆಣ್ಣಾಗಿರಬೇಕು, ಇಲ್ಲ ಎರಡೂ ಅಲ್ಲದ್ದಾಗಿರಬೇಕಂತೆ. ಗಂಡಿಗೆ ನೀಲಿ ಚೀಟಿ, ಹೆಣ್ಣಿಗೆ ಕೆಂಪು, ಎರಡೂ ಅಲ್ಲದ್ದಕ್ಕೆ ಹಸಿರು. ತನ್ನ ಕೋಣೆಯ ಸಾಮಾನು ಮುಗಿದ ಮೇಲೆ ಅವಳ ಕಣ್ಣು ನನ್ನ ಮನೆಯ ಮೇಲೆ ಬಿತ್ತು. ಈಗ ನನ್ನ ಮೇಜು ನೀಲಿ, ಬಾಗಿಲು ಕೆಂಪು, ಕಿಟಕಿ ಹಸಿರು.

"ಅಜ್ಜೀ, ನಿಮ್ಮ ಕೋಲು ಗಂಡಸು ನೋಡ್ರಿ," ಅಂದಳು.

"ಇರಲಿ ಬಿಡವ್ವ. ಈ ವಯಸ್ಸಿನ್ಯಾಗರ ಒಬ್ಬ ಗಂಡಸು ಆಸರಕ್ಕ ಆದ್ನಲ್ಲ," ಅಂದೆ.

ಅವಳಿಗೆ ನಗುವ ಮನಸ್ಸಿರಲಿಲ್ಲ. ಮನೆಯಲ್ಲಿ ಉರ್ದು ಆಡಿಕೊಂಡು ಬೆಳೆದ ಹುಡುಗಿ. ಅವಳ ತಲೆಯಲ್ಲಿ ಮೊದಲೇ ಎಲ್ಲ ಸಾಮಾನಿಗೂ ಒಂದೊಂದು ಚೀಟಿ ಅಂಟಿ ಒಣಗಿ ಹೋಗಿದೆ. ಉರ್ದುವಿನಲ್ಲಿ ಮೇಜು ಹೆಣ್ಣು, ಜರ್ಮನ್‌ನಲ್ಲಿ ಗಂಡು. ಉರ್ದುವಿನಲ್ಲಿ ಬಾಗಿಲು ಗಂಡು, ಅಲ್ಲಿ ಹೆಣ್ಣು. "ನಮ್ಮವ್ವ ಒಂದು ಹೇಳ್ಯಾಳ, ಈ ಮಂದಿ ಒಂದು ಹೇಳ್ತಾರ. ನಾ ಯಾರ ಮಾತು ಕೇಳಲ್ರಿ?" ಅಂದು ಮೆಟ್ಟಿಲ ಮೇಲೆ ಕೂತಳು. ಅದಕ್ಕಿಂತ ಅವಳಿಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಆ ಭಾಷೆಯಲ್ಲಿ ಚಮಚ ಗಂಡಂತೆ, ಮುಳ್ಳುಚಮಚ ಹೆಣ್ಣಂತೆ, ಆದರೆ ಹುಡುಗಿ ಎಂಬ ಶಬ್ದ ಮಾತ್ರ ಎರಡೂ ಅಲ್ಲವಂತೆ. "ಹುಡುಗಿ ಹೆಣ್ಣಲ್ಲಂತ್ರಿ ಅಜ್ಜೀ. ಹಸರು ಚೀಟಿ ಹಚ್ಚಬೇಕಂತ."

ನನಗೆ ಇದು ಹೊಸದೇನೂ ಅನ್ನಿಸಲಿಲ್ಲ. ಮಸ್ಕಿಯಲ್ಲಿ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. "ಅದು ಉಂಡತೇನು? ಅದು ಎಲ್ಲಿ ಹೋತು? ಅದಕ್ಕ ಹೇಳ್ರಿ, ಕೊಡ ತರಲಿ." ಪಕ್ಕದ ಮನೆಯವರು ಕೇಳಿದರೆ ಕರುವಿನ ಮಾತೋ ಮೊಮ್ಮಗಳ ಮಾತೋ ತಿಳಿಯುತ್ತಿರಲಿಲ್ಲ. ಅಜ್ಜಿಗೆ ಪ್ರೀತಿ ಕಡಿಮೆ ಇತ್ತು ಅಂತ ತಿಳಿಯಬೇಡಿ. ನಮ್ಮ ಕಡೆ ಮದುವೆಯಾಗುವ ತನಕ ಹೆಣ್ಣುಮಕ್ಕಳು ಬರುವುದಿಲ್ಲ, "ಬರ್ತೈತಿ", ಹೋಗುವುದಿಲ್ಲ, "ಹೋಕ್ಕತಿ". ಜರ್ಮನ್ ಮಂದಿ ಬಹಳ ದೊಡ್ಡ ವ್ಯಾಕರಣ ಬರೆದು ಕಡೆಗೆ ನಮ್ಮ ಅಜ್ಜಿ ಹೇಳಿದಲ್ಲಿಗೇ ಬಂದಿದ್ದಾರೆ, ಅಷ್ಟೇ.

ರುಖಿಯಾಳಿಗೆ ಇದನ್ನು ಹೇಳಿ ಸಮಾಧಾನ ಮಾಡಿದೆ. ಹೇಳುತ್ತಾ ಹೇಳುತ್ತಾ ನನ್ನ ಬೆನ್ನಿನಲ್ಲಿ ಸಣ್ಣಗೆ ಬೆವರು ಬಂತು. ಎಂಬತ್ತೊಂಬತ್ತು ವರ್ಷದವಳಿಗೆ ಮೇಜು ಗಂಡೋ ಹೆಣ್ಣೋ ಎಂಬ ಪ್ರಶ್ನೆಗೆ ಬೆವರು ಬರುವುದುಂಟೇ ಅಂತ ನೀವು ಕೇಳಬಹುದು. ಬರುತ್ತದೆ. ಒಂದು ಕಾಲದಲ್ಲಿ ನನ್ನ ಇಡೀ ಬಾಳು ಆ ಪ್ರಶ್ನೆಯ ಮೇಲೆ ನಿಂತಿತ್ತು.

ನಿಜಾಮರ ಕಾಲ ಅದು. ಮುಗಿಯಲು ಎರಡು ವರ್ಷ ಬಾಕಿ ಇತ್ತು ಅನ್ನಿಸುತ್ತದೆ. ಮುಗಿಯುತ್ತದೆ ಅಂತ ಮಸ್ಕಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮಪ್ಪ ಬಡಿಗ ಮೌನಪ್ಪ. ಬಂಡಿ, ಕೂರಿಗೆ, ಬಾಗಿಲು, ತೊಟ್ಟಿಲು, ಕೇಳಿದ್ದನ್ನು ಮಾಡಿಕೊಡುತ್ತಿದ್ದ. ಮಾತು ಬಹಳ ಕಡಿಮೆ. ಕಟ್ಟಿಗೆಗೆ ಗೀಟು ಎಳೆದ ಮೇಲೆ ಹೇಗೆ ಆಚೀಚೆ ಹೋಗುತ್ತಿರಲಿಲ್ಲವೋ ಮಾತು ಹೇಳಿದ ಮೇಲೂ ಹಾಗೇ. ನಾನು ಅವನ ಮೂರನೆಯ ಮಗಳು ಕಾಳಮ್ಮ, ನಾಲ್ಕನೆಯ ಜಮಾತಿನಲ್ಲಿ ಒಬ್ಬಳೇ ಹುಡುಗಿ. ಜಮಾತು ಅಂದರೆ ಈಗಿನ ತರಗತಿ. ನನ್ನ ಇಬ್ಬರು ಅಕ್ಕಂದಿರು ಶಾಲೆಯ ಮುಖ ಕಂಡಿರಲಿಲ್ಲ. ನಾನು ಹೋದದ್ದು ಕೂಡ ಯಾರ ಘನ ಉದ್ದೇಶದಿಂದಲೂ ಅಲ್ಲ. ಅಪ್ಪ ಶಾಲೆಯ ಮೇಜು ಕುರ್ಚಿ ಮಾಡುವಾಗ ಊಟದ ಬುತ್ತಿ ತೆಗೆದುಕೊಂಡು ಹೋಗಿ, ಅಲ್ಲೇ ಹುಡುಗರ ಹಿಂದೆ ಕೂತು, ಏಳಲಿಲ್ಲ. ಮೇಜು ಕುರ್ಚಿ ಮುಗಿದ ಮೇಲೂ ಏಳಲಿಲ್ಲ.

ನಾಲ್ಕನೆಯದು ಮುಗಿದರೆ ಮುಂದೇನು ಎಂಬ ಮಾತು ಬಂದಾಗ ನನ್ನ ಮುಂದೆ ಎರಡು ಊರು ನಿಂತವು. ಒಂದು ಲಿಂಗಸುಗೂರು. ಅಲ್ಲಿ ಹೆಣ್ಣುಮಕ್ಕಳಿಗೇ ಬೇರೆ ಶಾಲೆ ಇತ್ತು, ನನ್ನ ಸೋದರತ್ತೆಯ ಮನೆಯೂ ಇತ್ತು. ಇನ್ನೊಂದು ಪಾಮನಕಲ್ಲೂರು. ಅಲ್ಲಿ ಬಡಿಗರ ಮನೆಯ ಒಬ್ಬ ಹುಡುಗನಿದ್ದ. ಅವನ ಕಡೆಯವರು ಅಜ್ಜಿಯ ಹತ್ತಿರ ಮಾತು ತೆಗೆದಿದ್ದರು. ಜೋಳದ ರಾಶಿ ಮುಗಿದ ಮೇಲೆ ಬಂದು ಹೆಣ್ಣು ನೋಡುತ್ತೇವೆ ಅಂದಿದ್ದರು. ಅಜ್ಜಿಗೆ ಪಾಮನಕಲ್ಲೂರು ಪಸಂದಾಗಿತ್ತು. "ಅದಕ್ಕ ಹತ್ತು ತುಂಬಿದ್ವು. ಇನ್ನಾ ಎಷ್ಟು ಓದ್ತೈತಿ?" ಅನ್ನುತ್ತಿದ್ದಳು. ಶಾಲೆಯ ತಿಮ್ಮಣ್ಣ ಮಾಸ್ತರರು ಮನೆಗೆ ಬಂದು, ಹುಡುಗಿ ಚುರುಕಿದ್ದಾಳೆ, ಕಳಿಸಿರಿ ಅಂತ ಎರಡು ಸಲ ಹೇಳಿ ಹೋದರು. ಅಪ್ಪ ಎರಡೂ ಕಡೆಯ ಮಾತು ಕೇಳಿ ಬಾಚಿ ಕೆಳಗಿಟ್ಟು ಗೀಟು ಎಳೆದ.

"ತಪಾಸಣಿ ಸಾಹೇಬ ಪಾಸ್ ಅಂದ್ರ ಲಿಂಗಸುಗೂರು. ಇಲ್ಲಂದ್ರ ಪಾಮನಕಲ್ಲೂರು."

ಮತ್ತೆ ಬಾಚಿ ಎತ್ತಿಕೊಂಡ. ಅವನ ದನಿಯಲ್ಲಿ ಆ ಊರೂ ಒಂದೇ, ಈ ಊರೂ ಒಂದೇ. ಅಪ್ಪ ಅಜ್ಜಿಯ ಕಡೆಯವನೇ, ನನ್ನನ್ನು ಸಾಗಿಹಾಕಲು ಒಂದು ನೆಪ ಬೇಕಾಗಿದೆ ಅಂತ ನಾನು ತಿಳಿದೆ. ಆ ಹುಡುಗನನ್ನು ನಾನು ನೋಡಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಮುಂದೆ ಅವನು ಒಳ್ಳೆಯ ಕಸುಬುದಾರನಾಗಿ, ಆರು ಮಕ್ಕಳ ತಂದೆಯಾಗಿ, ಚೆನ್ನಾಗಿ ಬಾಳಿದನಂತೆ; ಕೇಳಿ ನನಗೆ ಸಂತೋಷವೇ ಆಯಿತು. ಆದರೆ ಆಗ ಪಾಮನಕಲ್ಲೂರು ಅಂದರೆ ನನಗೆ ತಿಳಿದದ್ದು ಒಂದೇ: ಅಲ್ಲಿಗೆ ಹೋಗುವಾಗ ಪಾಟಿ ಪುಸ್ತಕ ಇಲ್ಲೇ ಬಿಟ್ಟು ಹೋಗಬೇಕು.

ಲೆಕ್ಕ ನನಗೆ ಬರುತ್ತಿತ್ತು, ಕನ್ನಡ ಬರುತ್ತಿತ್ತು. ಆದರೆ ಐದನೆಯದರಿಂದ ಎಲ್ಲ ಪಾಠವೂ ಉರ್ದುವಿನಲ್ಲಿ. ಹಾಗಾಗಿ ತಪಾಸಣೆಗೆ ಬರುವ ಸಾಹೇಬರು ನೋಡುತ್ತಿದ್ದದ್ದು ಉರ್ದು ಒಂದನ್ನೇ, ಅದೂ ಬಾಯಿ ಪರೀಕ್ಷೆ. ಅಕ್ಷರ ನನಗೆ ಕಷ್ಟವಾಗಲಿಲ್ಲ. ಬಲದಿಂದ ಎಡಕ್ಕೆ ಹೋಗುವುದು ಎರಡು ದಿನದಲ್ಲಿ ರೂಢಿಯಾಯಿತು. ಕಾಡಿದ್ದು ಗಂಡು ಹೆಣ್ಣಿನ ಜಗಳ.

ನಮ್ಮ ಕನ್ನಡದಲ್ಲಿ ಎಷ್ಟು ಸುಖ ನೋಡಿ. ಗಂಡಸು ಬಂದರೆ ಬಂದ, ಹೆಂಗಸು ಬಂದರೆ ಬಂದಳು, ಉಳಿದದ್ದೆಲ್ಲ ಬಂತು. ನಮ್ಮ ರೈತರು ಗಂಡು ಮಳೆ, ಹೆಣ್ಣು ಮಳೆ ಅಂತ ಭೇದ ಮಾಡುತ್ತಾರೆ ನಿಜ, ಆದರೆ ಗಂಡು ಮಳೆಯಾದರೂ "ಬಂದ" ಅನ್ನುವುದಿಲ್ಲ. ಉರ್ದುವಿನಲ್ಲಿ ಹಾಗಲ್ಲ. ಅಲ್ಲಿ ನಿರ್ಜೀವ ವಸ್ತುವೂ ಹೆಣ್ಣೋ ಗಂಡೋ ಆಗಿ ಹುಟ್ಟುತ್ತದೆ, ಮತ್ತು ಅದನ್ನು ಒಳ್ಳೆಯದು ಅನ್ನಬೇಕಾದರೂ "ಅಚ್ಛಾ" ಅನ್ನಬೇಕೋ "ಅಚ್ಛೀ" ಅನ್ನಬೇಕೋ ಅಂತ ಅದರ ಜಾತಕ ನೋಡಬೇಕು.

ತಿಮ್ಮಣ್ಣ ಮಾಸ್ತರರು ನಮ್ಮವರೇ, ಸಂತೆಕಲ್ಲೂರಿನವರು. ಅವರ ಉರ್ದು ಕಾಗದದ ಮೇಲೆ ಗಟ್ಟಿ, ನಾಲಿಗೆಯ ಮೇಲೆ ಸಡಿಲ. ಅವರ ಹತ್ತಿರ ಎರಡು ಸೂತ್ರಗಳಿದ್ದವು. ಕಡೆಗೆ "ಆ" ಬಂದರೆ ಗಂಡು, "ಈ" ಬಂದರೆ ಹೆಣ್ಣು ಅನ್ನುವುದು ಮೊದಲನೆಯದು. ಕುರ್ಸೀ ಹೆಣ್ಣು, ದರವಾಜಾ ಗಂಡು, ಖಿಡಕೀ ಹೆಣ್ಣು. ಆದರೆ ಮೇಜ್ ಬಂದು ಕೂತರೆ? ಕಲಮ್ ಬಂದರೆ? ಎರಡನೆಯ ಸೂತ್ರ ಅದಕ್ಕೇ ಇತ್ತು, ಮತ್ತು ಅದನ್ನು ಅವರು ದನಿ ಇಳಿಸಿ ಹೇಳುತ್ತಿದ್ದರು.

"ತಿಳೀಲಿಲ್ಲ ಅಂದ್ರ ಮರ್ಯಾದೆ ಕೊಟ್ಟುಬಿಡ್ರಿ."

ಅದೇನು ಅಂತ ನಿಮಗೆ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಬಂದ, ಬಂದಳು ಎಂಬ ತಂಟೆಯೇ ಬೇಡವಾದರೆ "ಬಂದರು" ಅನ್ನುತ್ತೇವೆ. ಮರ್ಯಾದೆ ಕೊಟ್ಟ ಕೂಡಲೇ ಗಂಡು ಹೆಣ್ಣು ಅಳಿಸಿ ಹೋಗುತ್ತದೆ. ನಮ್ಮ ಕಡೆಯ ದಖನಿ ಉರ್ದುವಿನಲ್ಲೂ ಹಾಗೇ: ಅಪ್ಪನೂ "ಆಯೇ", ಅಮ್ಮನೂ "ಆಯೇ". ಈ ಸಂದಿಯನ್ನು ಮಾಸ್ತರರು ಹೇಗೋ ಕಂಡುಕೊಂಡಿದ್ದರು. ಹೀಗಾಗಿ ನಮ್ಮ ಜಮಾತಿನಲ್ಲಿ ಕಲಮ್‌ಗಳು ದಯಮಾಡಿಸುತ್ತಿದ್ದವು, ಮಸಿ ದೌತಿಗಳು ಕೆಳಗೆ ಬಿದ್ದು ಒಡೆದರೂ ಸಾಹೇಬರು ತೀರಿಕೊಂಡಷ್ಟು ಗೌರವದಿಂದ ಒಡೆಯುತ್ತಿದ್ದವು.

ನಮ್ಮ ಮನೆಯ ಹಿಂದಿನ ಅಂಗಳ ಬೂಬಮ್ಮನದು. ಬೂಬಮ್ಮನಿಗೆ ಆಗಲೇ ಎಪ್ಪತ್ತು. ಬಾಯಲ್ಲಿ ಒಂದೂ ಹಲ್ಲಿಲ್ಲ. ಕನ್ನಡ ದಖನಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ನನ್ನ ಸಂಕಟ ಕೇಳಿ, "ಹುಚ್ಚಿ, ಸೂತ್ರ ಯಾಕ ಬೇಕು? ನೋಡಿದ್ರ ತಿಳಿಯಂಗಿಲ್ಲೇನು?" ಅಂದಳು. ದಿನಾ ಬೆಳಿಗ್ಗೆ ಅವಳು ರೊಟ್ಟಿ ಬಡಿಯುವಾಗ ನಾನು ಎದುರಿಗೆ ಕೂತು ಒಂದೊಂದೇ ವಸ್ತು ಕೇಳುತ್ತಿದ್ದೆ. ಅವಳ ಬಳಿ ಪ್ರತಿಯೊಂದಕ್ಕೂ ಕಾರಣವಿತ್ತು.

"ರೋಟೀ ಹೆಣ್ಣು. ಬೇಯೋದು ಅಕಿನಽ ಅಲ್ಲೇನು?"

"ಒಲಿ?"

"ಚೂಲ್ಹಾ ಗಂಡು. ಎಷ್ಟು ಕಟಗಿ ಹಾಕಿದ್ರೂ ಇನ್ನಾ ಬೇಕಂತಾನ."

ಖಿಡಕೀ ಹೆಣ್ಣು, ಯಾಕೆಂದರೆ ಹೊರಗೆ ನೋಡುತ್ತಾಳೆ, ಹೊರಗೆ ಹೋಗುವುದಿಲ್ಲ. ದರವಾಜಾ ಗಂಡು, ಬೇಕಾದಾಗ ತೆರೆಯುತ್ತಾನೆ, ಬೇಕಾದಾಗ ಮುಚ್ಚುತ್ತಾನೆ. ಪಾನೀ ಎಂಬ ಶಬ್ದಕ್ಕೆ ಕಡೆಯಲ್ಲಿ "ಈ" ಇದ್ದರೂ ಗಂಡು, ಯಾರ ಮಾತೂ ಕೇಳದೆ ತಗ್ಗಿದ್ದ ಕಡೆ ಹರಿದು ಹೋಗುತ್ತದಲ್ಲ, ಅದಕ್ಕೆ. ದಾಢೀ, ಅಂದರೆ ಗಡ್ಡ, ಹೆಣ್ಣು ಎಂದು ಕೇಳಿದಾಗ ಮಾತ್ರ ನಾನು ತಕರಾರು ತೆಗೆದೆ. ಬೂಬಮ್ಮ ರೊಟ್ಟಿ ತಿರುವಿ ಹಾಕುತ್ತಾ, "ಅದಕ್ಕಽ ಗಂಡಸರು ಹಗಲೆಲ್ಲ ಅದನ್ನ ಸವರಿಕೊಂತ ಕುಂದ್ರತಾರ," ಅಂದಳು. ಬುರ್ಖಾ ಗಂಡು. "ಹೊರಗ ಹೊಂಟಾಗ ಜೋಡಿಗೊಬ್ಬ ಗಂಡಸು ಬೇಕಲ್ಲವ್ವ." ಫೌಜೂ ಹೆಣ್ಣು, ಪೊಲೀಸೂ ಹೆಣ್ಣು, ಸರಕಾರವೇ ಹೆಣ್ಣು. ಇದಕ್ಕೆ ಅವಳು ಕಾರಣ ಹೇಳಲಿಲ್ಲ. ಗೋಡೆಯ ಆಚೆ ನೋಡಿ, ಸುಮ್ಮನೆ ಉರು ಹೊಡಿ ಅಂದಳು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ, ನೀನು ಮಾಡಿದ ಮೇಜು ಹೆಣ್ಣು, ಕುರ್ಚಿಯೂ ಹೆಣ್ಣು, ಬಾಗಿಲು ಗಂಡು. ಅಪ್ಪ ಕೆತ್ತುವುದು ನಿಲ್ಲಿಸಿದ.

"ಮತ್ತ ಕಟಗಿ?"

"ಲಕಡೀ. ಹೆಣ್ಣು."

"ಹೌದಽ. ತಾಯಿ ಹೆಣ್ಣು. ಹುಟ್ಟಿದ್ದು ಗಂಡೂ ಆಕ್ಕತಿ, ಹೆಣ್ಣೂ ಆಕ್ಕತಿ," ಅಂದ. ಅಪ್ಪನಿಂದ ನಾನು ಕೇಳಿದ ಅತಿ ಉದ್ದದ ಮಾತುಗಳಲ್ಲಿ ಅದೊಂದು. ಮುಂದೆ ನಾನು ಮೂವತ್ತು ವರ್ಷ ಸಿಂಧನೂರಿನಲ್ಲಿ ಕನ್ನಡ ವ್ಯಾಕರಣ ಕಲಿಸಿದೆ. ಲಿಂಗದ ಪಾಠ ಬಂದಾಗಲೆಲ್ಲ ಈ ಮಾತು ಹೇಳಬೇಕು ಅಂದುಕೊಳ್ಳುತ್ತಿದ್ದೆ, ಪುಸ್ತಕದಲ್ಲಿಲ್ಲ ಅಂತ ಹೇಳದೆ ಬಿಟ್ಟೆ. ಈಗ ಹೇಳಿದ್ದೇನೆ.

ಹೀಗೆ ಎರಡು ತಿಂಗಳಲ್ಲಿ ನನಗೆ ಮಸ್ಕಿಯಲ್ಲಿದ್ದ ಸಮಸ್ತ ಸಾಮಾನಿನ ಲಿಂಗ ಬಾಯಿಪಾಠವಾಯಿತು. ಬೂಬಮ್ಮನ ಮಾತಿನಲ್ಲಿ ಒಂದು ಮಾತ್ರ ನಾನು ಗಮನಿಸಿಯೂ ಬಿಟ್ಟುಬಿಟ್ಟೆ. ಮಾಸ್ತರರು "ಮೈಂ ಆತಾ ಹೂಂ" ಅನ್ನುತ್ತಿದ್ದರು, ನಾನು ಬರುತ್ತೇನೆ ಅಂತ. ಹುಡುಗರೆಲ್ಲ ಹಿಂದೆಯೇ "ಮೈಂ ಆತಾ ಹೂಂ" ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಬೂಬಮ್ಮ ಮಾತ್ರ "ಆತ್ಯೂಂ" ಅನ್ನುತ್ತಿದ್ದಳು. ಪಾಪ, ಹಲ್ಲಿಲ್ಲದ ಬಾಯಿ, ಶಬ್ದ ಜಾರುತ್ತದೆ ಅಂದುಕೊಂಡೆ.

ಸಾಹೇಬರು ಲಿಂಗಸುಗೂರಿನಿಂದ ಟಾಂಗಾದಲ್ಲಿ ಬಂದರು. ಅವತ್ತು ಬೆಳಿಗ್ಗೆಯೇ ತಿಮ್ಮಣ್ಣ ಮಾಸ್ತರರು ಅಪ್ಪನನ್ನು ಕರೆಸಿದ್ದರು. ಶಾಲೆಯ ಕುರ್ಚಿಯ ಹಿಂದಿನ ಕಾಲು ಅಲುಗಾಡುತ್ತಿತ್ತು. ಸಾಹೇಬರು ಸ್ಥೂಲಕಾಯರು ಅಂತ ಸುದ್ದಿ ಬಂದಿತ್ತು. ಅಪ್ಪ ಗೂಟ ಬಡಿದು ಬಿಗಿ ಮಾಡಿದ. ಮಾಡಿ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಉಳಿ ಕೊಡತಿ ಹಿಡಿದುಕೊಂಡು ಬಾಗಿಲ ಹತ್ತಿರವೇ ನಿಂತ. ಸಾಹೇಬರು ಕೂತಾಗ ಕುರ್ಚಿ ಒಂದು ಸಲ ಕಿರ್ ಅಂದಿತು. ನಾನು ಅಪ್ಪನ ಮುಖ ನೋಡಿದೆ, ಬೆವರಿತ್ತು. ನನಗೆ ಪರೀಕ್ಷೆಯ ಭಯ, ಅಪ್ಪನಿಗೆ ಕುರ್ಚಿಯ ಭಯ ಅಂದುಕೊಂಡೆ.

ಸಾಹೇಬರಿಗೆ ಮದರಂಗಿ ಹಚ್ಚಿದ ಗಡ್ಡ. ಅದನ್ನು ನೋಡಿದ ಕೂಡಲೇ "ಹೆಣ್ಣು" ಅಂತ ನನ್ನ ಮನಸ್ಸು ಹೇಳಿತು, ನಗು ಬಂತು, ನುಂಗಿಕೊಂಡೆ. ಹುಡುಗರದು ಮುಗಿಸಿ ಕಡೆಗೆ ನನ್ನನ್ನು ಕರೆದರು. ಒಂದೊಂದೇ ವಸ್ತು ತೋರಿಸುವುದು, ಅಚ್ಛಾನೋ ಅಚ್ಛೀನೋ ಅಂತ ನಾನು ಹೇಳುವುದು. ಮೇಜ್ ಅಚ್ಛೀ ಹೈ. ದರವಾಜಾ ಅಚ್ಛಾ ಹೈ. ಖಿಡಕೀ ಅಚ್ಛೀ ಹೈ. ಕಲಮ್ ಅಚ್ಛಾ ಹೈ. ಬೂಬಮ್ಮನ ಒಲೆಯ ಮುಂದೆ ಕೂತವಳಿಗೆ ಇದೇನು ಮಹಾ. ತಿಮ್ಮಣ್ಣ ಮಾಸ್ತರರ ಮುಖ ಅರಳುತ್ತಾ ಬಂತು. ಸಾಹೇಬರು ಕಣ್ಣ ಮುಂದಿನದು ಬಿಟ್ಟು ಕೇಳಿದರು, "ಔರ್ ಘೀ?"

ಘೀ ಅಂದರೆ ತುಪ್ಪ. ತುಪ್ಪ ನಮ್ಮ ಮನೆಗೂ ಬೂಬಮ್ಮನ ಮನೆಗೂ ಅಪರೂಪಕ್ಕೆ ಬರುವ ನೆಂಟ; ಗಂಡೋ ಹೆಣ್ಣೋ ಅಂತ ವಿಚಾರಿಸುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಕಡೆಯಲ್ಲಿ "ಈ" ಇದೆ ಅಂತ ನಂಬುವ ಹಾಗಿಲ್ಲ, ಪಾನೀ ಗಂಡಾಗಿತ್ತಲ್ಲ. ಮಾಸ್ತರರ ಎರಡನೆಯ ಸೂತ್ರ ನೆನಪಾಯಿತು.

"ಘೀ ಅಚ್ಛೇ ಹೈಂ," ಅಂದೆ. ತುಪ್ಪದವರು ಒಳ್ಳೆಯವರಿದ್ದಾರೆ.

ಸಾಹೇಬರು ಮಾಸ್ತರರ ಕಡೆ ನೋಡಿದರು. ಮಾಸ್ತರರು ಕಿಟಕಿಯ ಕಡೆ ನೋಡಿದರು. "ಘೀ ಕೋ ಇತನೀ ಇಜ್ಜತ್," ಅಂದು ಸಾಹೇಬರು ನಕ್ಕರು. ತುಪ್ಪಕ್ಕೆ ಇಷ್ಟು ಮರ್ಯಾದೆಯೇ ಅಂತ. ನಕ್ಕದ್ದು ಕೆಟ್ಟ ನಗುವಲ್ಲ. ಅದನ್ನು ಮನ್ನಾ ಮಾಡಿದರು. ಆಮೇಲೆ ಪುಸ್ತಕ ಮುಚ್ಚಿ ಸಾಮಾನಿನ ವಿಷಯ ಬಿಟ್ಟು ನನ್ನನ್ನೇ ಮಾತಾಡಿಸಿದರು. ಶಾಲೆಗೆ ಹೇಗೆ ಬರುತ್ತೀ ಅಂತ ಕೇಳಿದರು.

"ಪೈದಲ್ ಆತಾ ಹೂಂ," ಅಂದೆ. ನಡೆದು ಬರುತ್ತೇನೆ.

ಸಾಹೇಬರ ಹುಬ್ಬು ಮೇಲೆ ಹೋಯಿತು. ಮನೆಯಲ್ಲಿ ಏನು ಮಾಡುತ್ತೀ ಅಂದರು.

"ಪಾನೀ ಭರತಾ ಹೂಂ. ಪಢತಾ ಹೂಂ." ನೀರು ತುಂಬುತ್ತೇನೆ, ಓದುತ್ತೇನೆ.

ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನನ್ನನ್ನು ನೋಡಿದರು. ಜಡೆ ನೋಡಿದರು, ಲಂಗ ನೋಡಿದರು. ಆಮೇಲೆ ಮಾಸ್ತರರನ್ನು ಕೇಳಿದರು, ಇದು ಹುಡುಗನೋ ಹುಡುಗಿಯೋ.

"ಲಡಕೀ ಹೈ ಹುಜೂರ್," ಅಂದರು ಮಾಸ್ತರರು. ಅವರ ದನಿ ಎಷ್ಟು ಸಣ್ಣಗಿತ್ತೆಂದರೆ ಅವರಿಗೇ ಅನುಮಾನವಿದ್ದಂತಿತ್ತು.

ಹುಡುಗರು ಕಿಸಿಕಿಸಿ ಅಂದರು. ಏನು ತಪ್ಪಾಯಿತು ಅಂತ ನನಗೆ ತಿಳಿಯಲೇ ಇಲ್ಲ. ಸಾಹೇಬರು ನನ್ನ ಕಡೆ ಬಗ್ಗಿ, ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು. "ಮೇಜ್ ಕಾ ಮಾಲೂಮ್. ಕುರ್ಸೀ ಕಾ ಮಾಲೂಮ್. ಅಪನಾ ನಹೀಂ ಮಾಲೂಮ್?" ಮೇಜಿನದು ಗೊತ್ತು, ಕುರ್ಚಿಯದು ಗೊತ್ತು, ನಿನ್ನದು ನಿನಗೆ ಗೊತ್ತಿಲ್ಲವೇ?

ಆಗ ತಲೆಗೆ ಹೊಳೆಯಿತು. ಬೂಬಮ್ಮನ "ಆತ್ಯೂಂ" ಬೊಚ್ಚು ಬಾಯಿಯ ಉಚ್ಚಾರವಲ್ಲ, ಹೆಂಗಸರು ಆಡುವ "ಆತೀ ಹೂಂ". ಈ ಭಾಷೆಯಲ್ಲಿ "ನಾನು ಬರುತ್ತೇನೆ" ಅನ್ನುವುದಕ್ಕೂ ಬರುವವಳು ಹೆಣ್ಣು ಅಂತ ಹೇಳಿಯೇ ಬರಬೇಕು. ಕನ್ನಡದಲ್ಲಿ ನನಗೆ ಆ ಅಭ್ಯಾಸವೇ ಇರಲಿಲ್ಲ. ನಾನು ಬರ್ತೀನಿ ಅಂದರೆ ನಾನು ಬರ್ತೀನಿ. ಅಪ್ಪನೂ ಹಾಗೇ ಅನ್ನುತ್ತಾನೆ, ಅಜ್ಜಿಯೂ ಹಾಗೇ ಅನ್ನುತ್ತಾಳೆ. ನನಗೆ ನಾನು "ನಾನು". ಅಜ್ಜಿಗೆ ನಾನು "ಅದು". ಇವೆರಡರ ನಡುವೆ ಹೆಣ್ಣಾಗಿ ಒಂದು ವಾಕ್ಯ ಹೇಳುವ ಪ್ರಸಂಗ ಹತ್ತು ವರ್ಷದಲ್ಲಿ ಬಂದಿರಲಿಲ್ಲ. ಮುಂದೆ ದೊಡ್ಡವಳಾದ ಮೇಲೆ ಇದನ್ನು ನೆನೆದು ಎಷ್ಟೋ ಸಲ ನಕ್ಕಿದ್ದೇನೆ. ಅವತ್ತು ನಗು ಬರಲಿಲ್ಲ. ಪಾಮನಕಲ್ಲೂರಿನ ಬಂಡಿ ನಮ್ಮ ಮನೆಯ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿತು.

ಸಾಹೇಬರು ತಮ್ಮ ಮುಂದಿನ ಹಾಳೆಯ ಮೇಲೆ ಕಲಮ್ ಹಿಡಿದರು. ಬರೆಯಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದರು.

"ಲಿಂಗಸುಗೂರ್ ಜಾಕೇ ಕ್ಯಾ ಕರೋಗೀ?"

ಲಿಂಗಸುಗೂರಿಗೆ ಹೋಗಿ ಏನು ಮಾಡುತ್ತೀ? ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಮಾಸ್ತರರು ಹದಿನೈದು ದಿನ ಮೊದಲೇ ಉತ್ತರ ಉರು ಹೊಡೆಸಿದ್ದರು. "ಮೈಂ ಲಿಂಗಸುಗೂರ್ ಜಾಕರ್ ಪಢೂಂಗಾ." ಲಿಂಗಸುಗೂರಿಗೆ ಹೋಗಿ ಓದುತ್ತೇನೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಗಟ್ಟಿಯಾಗಿತ್ತು. ಅದೇ ಈಗ ಕಷ್ಟಕ್ಕೆ ಬಂತು. ಉರು ಹೊಡೆದ ವಾಕ್ಯ ಇಳಿಜಾರಿನಲ್ಲಿ ಬಿಟ್ಟ ಬಂಡಿ ಇದ್ದ ಹಾಗೆ, ತಾನೇ ಓಡುತ್ತದೆ. ಮೈಂ ಅಂದೆ. ಲಿಂಗಸುಗೂರ್ ಜಾಕರ್ ಅಂದೆ. "ಪಢೂಂ" ಅಂದೆ. ಅಲ್ಲಿ ನಿಲ್ಲಿಸಿದೆ.

ಗಂಡಸರ "ಗಾ" ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ಬಾಯಿ ತೆರೆದರೆ ಅದೇ ಬೀಳುತ್ತಿತ್ತು. ಬಾಯಿ ಬಿಗಿ ಹಿಡಿದು ನಿಂತೆ. ಮಾಸ್ತರರ ತುಟಿ ಅಲುಗಾಡುತ್ತಿತ್ತು; ಅವರ ತುಟಿ ನೋಡಿದರೆ ಕೆಲಸ ಕೆಡುತ್ತದೆ ಅಂತ ಕಣ್ಣು ಕೆಳಗೆ ಹಾಕಿದೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಸಾಹೇಬರು ಕೇಳಿದ ಮಾತನ್ನೇ ಮನಸ್ಸಿನಲ್ಲಿ ಇನ್ನೊಂದು ಸಲ ಹೇಳಿಕೊಂಡೆ. ಕರೋಗೀ, ಅಂದಿದ್ದರು. ಗೀ. ಅವರು ಉತ್ತರವನ್ನು ಪ್ರಶ್ನೆಯ ಬಾಲಕ್ಕೇ ಕಟ್ಟಿ ಕೊಟ್ಟಿದ್ದರು, ಪುಣ್ಯಾತ್ಮ.

"ಗೀ," ಅಂದೆ. ಆಮೇಲೆ ಧೈರ್ಯ ಬಂದು ಪೂರ್ತಿ ಹೇಳಿದೆ. "ಮೈಂ ಪಢೂಂಗೀ."

ಸಾಹೇಬರು ತಲೆಯಾಡಿಸಿದರು. ಕಲಮ್ ಕಾಗದಕ್ಕೆ ತಾಗಿತು. ಏನೋ ಬರೆದು, ಮಾಸ್ತರರಿಗೆ "ಭೇಜ್ ದೋ" ಅಂದರು. ಕಳಿಸಿಬಿಡಿ. ಎರಡೇ ಶಬ್ದ. ನನ್ನ ಎದೆಯ ಮೇಲಿನ ಬೀಸುವ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಷ್ಟು ಹಗುರ ನಾನು ಮತ್ತೆ ಯಾವತ್ತೂ ಆಗಿಲ್ಲ. ನನ್ನ ಮದುವೆಯ ದಿನವೂ ಇಲ್ಲ, ನೌಕರಿ ಸಿಕ್ಕ ದಿನವೂ ಇಲ್ಲ, ಹೆರಿಗೆ ಸುಸೂತ್ರವಾದ ದಿನವೂ ಇಲ್ಲ. ತಿಮ್ಮಣ್ಣ ಮಾಸ್ತರರು ಟೊಪ್ಪಿಗೆ ತೆಗೆದು ಅದರಿಂದಲೇ ಮುಖ ಒರೆಸಿಕೊಂಡರು. ಎರಡು ವರ್ಷಕ್ಕೆ ರಾಜ್ಯ ಹೋಗಿ, ಶಾಲೆಗಳಲ್ಲಿ ಕನ್ನಡ ಬಂದು, ನಾನು ಕಲಿತ ಗಂಡು ಹೆಣ್ಣು ಯಾವುದಕ್ಕೂ ಕೆಲಸವಿಲ್ಲದೆ ಹೋಯಿತು. ಆ ಬಗ್ಗೆ ನನಗೆ ಒಂದಿಷ್ಟೂ ಕೊರಗಿಲ್ಲ. ಅದು ಮಾಡಬೇಕಾದ ಕೆಲಸ ಅವತ್ತೇ ಮಾಡಿ ಮುಗಿಸಿತ್ತು.

ಅಪ್ಪನಿಗೆ ಉರ್ದು ಬರುತ್ತಿರಲಿಲ್ಲ. ಕಚೇರಿಯ ಮುಂದೆ ನಿಂತಾಗ ಬೇಕಾಗುವ ಹುಜೂರ್, ಜೀ ಹಾಂ, ಇಷ್ಟೇ ಅವನ ಬಂಡವಾಳ. ಮನೆಗೆ ಹೋಗುವಾಗ ಉಳಿ ಕೊಡತಿ ಹೆಗಲ ಮೇಲಿನ ಚೀಲದಲ್ಲಿ ಹಾಕಿಕೊಂಡು ಮುಂದೆ ನಡೆದ, ನಾನು ಹಿಂದೆ. ಬಾವಿ ದಾಟಿದ ಮೇಲೆ ತಿರುಗದೆಯೇ ಕೇಳಿದ.

"ಏನಂದ ಸಾಹೇಬ?"

"ಕಳಸ್ರಿ ಅಂದ."

"ಅದು ತಿಳೀತು. ಮಾಸ್ತರ ಕೈ ಮಾಡಿ ತೋರಿಸಿದ್ರು. ಕಡೀಕ ಬಾಯಿ ಮುಚ್ಚಿಕೊಂಡು ನಿಂತಿದ್ದೆಲ್ಲ, ಅವಾಗ ಏನು ಕೇಳಿದ? ನೀ ಏನಂದಿ?"

ಗಾ ಮತ್ತು ಗೀಗಳ ಕಥೆಯನ್ನು ಅಪ್ಪನಿಗೆ ಹೇಗೆ ಹೇಳುವುದು ಅಂತ ನನಗೆ ತಿಳಿಯಲಿಲ್ಲ. ಕನ್ನಡಕ್ಕೆ ತಂದು ನೋಡಿದೆ. ಅಲ್ಲಿ ಗಂಡೂ ಇರಲಿಲ್ಲ, ಹೆಣ್ಣೂ ಇರಲಿಲ್ಲ. ಯಾರು ಬೇಕಾದರೂ ಹೇಳಬಹುದಾದ ಸಣ್ಣ ಮಾತಾಗಿತ್ತು.

"ಓದ್ತೀನಿ ಅಂದೆ ಅಪ್ಪಾ."

ಅಪ್ಪ ನಿಂತ. ಚೀಲ ಕೆಳಗಿಟ್ಟು ನನ್ನ ಕಡೆ ತಿರುಗಿದ. ಅವನ ಕಣ್ಣು ಒದ್ದೆಯಾಗಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

"ಅಷ್ಟಽ ಹೇಳಾಕ ಅಷ್ಟು ಹೊತ್ತು ಮಾಡಿದೇನು?" ಅಂದ. "ಅಲ್ಲೀತನಕ ನಾ ಉಸಿರಽ ಬಿಟ್ಟಿದ್ದಿಲ್ಲ."